ಶಾಸನ ಪಿತಾಮಹ ಬಿ. ಎಲ್. ರೈಸ್

ಬೆಂಗಳೂರಿನ ಹಳೆಯ ಪೇಟೆಯ ನಡುವೆ ಹಾದುಹೋಗುವ ಅವೆನ್ಯೂ ರಸ್ತೆಗೆ ಹಿಂದೆ ದೊಡ್ಡಪೇಟೆ ಎಂಬ ಹೆಸರಿತ್ತು. ಅಲ್ಲಿಯ ಅಂಗಡಿ ಸಾಲುಗಳ ಮಧ್ಯೆ ರೈಸ್ ಸ್ಮಾರಕ ಚರ್ಚ್ ಇದೆ. ಅರ್ಧ ಶತಮಾನ ಕಾಲ ಬೆಂಗಳೂರಿನಲ್ಲಿ ದುಡಿದ ಪಾದ್ರಿ ಬೆಂಜಮಿನ್ ರೈಸ್ ಅವರ ನೆನಪಿಗಾಗಿ ಕಟ್ಟಿದ ಮಂದಿರವದು. ಅವರ ಮಗನೇ ಕನ್ನಡ ನಾಡಿನ ಶಾಸನ ಸಂಪತ್ತನ್ನು ಬೆಳಕಿಗೆ ತಂದ ಬೆಂಜಮಿನ್ ಲೂಯಿ ರೈಸ್.

ಲೂಯಿ ರೈಸ್ 1837ರ ಜುಲೈ 17ರಂದು ಬೆಂಗಳೂರಿನಲ್ಲಿ ಜನಿಸಿದರು. ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿ 1860ರಲ್ಲಿ ಹಿಂದಿರುಗಿ, ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಅನಂತರ ಶಾಲಾ ತನಿಖಾಧಿಕಾರಿಯಾಗಿ ಮೈಸೂರು ಸಂಸ್ಥಾನದ ಹಳ್ಳಿಗಳನ್ನು ಸುತ್ತಿದರು. ಆಗ ದೇವಾಲಯದ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿದ್ದ ಬರೆಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಅವುಗಳ ಲಿಪಿಯನ್ನು ಓದಬಲ್ಲವರು ವಿರಳವಾಗಿದ್ದರು. ಓದಲಾರದ ಕಲ್ಲು ಬಟ್ಟೆ ಒಗೆಯುವ ಬಂಡೆಯಾಗಿಯೋ ಮೋರಿಯ ಚಪ್ಪಡಿಯಾಗಿಯೋ ಅಳಿದುಹೋಗುವ ಅಪಾಯವಿತ್ತು.

ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಕೆಲವು ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಅವನ್ನು ಓದಿ ಅನುವಾದಿಸುವ ಹೊಣೆ ರೈಸರ ಪಾಲಿಗೆ ಬಂದಿತು. ಈ ಶ್ರಮದ ಫಲವಾಗಿ 1879ರಲ್ಲಿ ಅವರ ಮೈಸೂರು ಶಾಸನಗಳ ಗ್ರಂಥ ಪ್ರಕಟವಾಯಿತು. ಆದರೆ ಗಾಳಿಮಳೆಗೆ ಸವೆದ ಅಕ್ಷರಗಳು ಛಾಯಾಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವುದು ಕಷ್ಟ. ಕಲ್ಲಿನ ಬಳಿಗೇ ಹೋಗಿ ನೋಡುವುದು ಅನಿವಾರ್ಯವಾಗಿತ್ತು.

ಶಾಸನವನ್ನು ಕಾಗದಕ್ಕೆ ಇಳಿಸುವ ಕ್ರಮಕ್ಕೆ ಪಡಿಯಚ್ಚು ತೆಗೆಯುವುದೆಂದು ಹೆಸರು. ಮೊದಲು ಕಲ್ಲಿನ ಪಾಚಿಯನ್ನೂ ಮಣ್ಣನ್ನೂ ತೊಳೆದು, ಒದ್ದೆಯಾದ ಕಾಗದವನ್ನು ಅದರ ಮೇಲೆ ಹೊದಿಸುತ್ತಾರೆ. ಬಿರುಸಾದ ಕುಂಚದಿಂದ ಮೆಲ್ಲನೆ ತಟ್ಟಿದಾಗ ಕಾಗದವು ಅಕ್ಷರಗಳ ತಗ್ಗಿನೊಳಕ್ಕೆ ಇಳಿಯುತ್ತದೆ. ಬಳಿಕ ಬಟ್ಟೆಯ ಮೆತ್ತೆಗೆ ಮಸಿ ತಾಗಿಸಿ ಕಾಗದದ ಮೇಲೆ ಒತ್ತುತ್ತಾರೆ. ಉಬ್ಬಿದ ಭಾಗ ಕಪ್ಪಾಗಿ, ಕೊರೆದ ಅಕ್ಷರಗಳು ಬಿಳಿಯಾಗಿ ಉಳಿಯುತ್ತವೆ. ಇಂದಿನ ಚಿತ್ರಕಲಾವಿದರು ರಟ್ಟಿನ ಮೇಲೆ ಬಟ್ಟೆ, ಮರಳು, ಎಲೆಗಳನ್ನು ಅಂಟಿಸಿ, ಮಸಿ ಹಚ್ಚಿ, ಕೊಲಾಗ್ರಾಫ್ ಎಂಬ ಅಚ್ಚುಚಿತ್ರಗಳನ್ನು ತೆಗೆಯುವುದೂ ಇಂಥ ಉಬ್ಬುತಗ್ಗುಗಳಿಂದಲೇ. ಆದರೆ ಅಲ್ಲಿ ಅಚ್ಚಿನ ಫಲಕವನ್ನು ಕಲಾವಿದನೇ ರಚಿಸುತ್ತಾನೆ. ಶಾಸನದ ಅಚ್ಚು ತೆಗೆಯುವವನಿಗೆ ತನ್ನದಾಗಿ ಒಂದು ಗೆರೆಯನ್ನೂ ಸೇರಿಸುವ ಸ್ವಾತಂತ್ರ್ಯವಿಲ್ಲ. ತಾಳ್ಮೆಯೂ ಪ್ರಾಮಾಣಿಕತೆಯೂ ಅವನ ಮುಖ್ಯ ಉಪಕರಣಗಳು.

1885ರಲ್ಲಿ ಮೈಸೂರು ಸರ್ಕಾರ ಪುರಾತತ್ತ್ವ ಇಲಾಖೆಯ ಹೊಣೆಯನ್ನು ರೈಸರಿಗೆ ವಹಿಸಿತು. ದೇಶೀಯ ಪಂಡಿತರ ನೆರವಿನಿಂದ ಅವರು ಊರೂರುಗಳ ಶಾಸನಗಳನ್ನು ಸಂಗ್ರಹಿಸಿದರು. ಹನ್ನೆರಡು ಸಂಪುಟಗಳ ಎಪಿಗ್ರಾಫಿಯ ಕರ್ನಾಟಿಕದಲ್ಲಿ 8,869 ಶಾಸನಗಳು ಬೆಳಕು ಕಂಡವು. ಅರಸರ ದಾನಗಳು, ಕೆರೆ ಕಟ್ಟಿಸಿದವರ ಹೆಸರುಗಳು, ತುರುಗಳನ್ನು ಕಾಯುತ್ತ ಮಡಿದ ವೀರರ ಕಥೆಗಳು ಹೀಗೆ ಉಳಿದುಕೊಂಡವು.

1892ರಲ್ಲಿ ರೈಸರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಗುರುತಿಸಿದರು. ಮೌರ್ಯರ ಆಳ್ವಿಕೆ ಕನ್ನಡ ನಾಡಿನವರೆಗೂ ಹಬ್ಬಿತ್ತೆಂಬುದು ಇದರಿಂದ ಸ್ಥಿರಪಟ್ಟಿತು. ಬ್ರಾಹ್ಮೀ ಲಿಪಿಯ ಆ ಶಾಸನಗಳನ್ನು ಬರೆದ ಚಪಡನೆಂಬುವನು ಲಿಪಿಕಾರನೆಂಬ ತನ್ನ ವೃತ್ತಿಯನ್ನು ಮಾತ್ರ ಖರೋಷ್ಠೀ ಲಿಪಿಯಲ್ಲಿ ಕೆತ್ತಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಒಬ್ಬ ಸಾಮಾನ್ಯ ಲಿಪಿಕಾರನ ಪರಿಚಯ ನಮಗಾದುದು ಈ ಶೋಧನೆಯಿಂದಲೇ.

ಪಂಪಭಾರತ, ಕವಿರಾಜಮಾರ್ಗದಂತಹ ಪ್ರಾಚೀನ ಕೃತಿಗಳ ಪ್ರಕಟಣೆಗೂ ರೈಸರು ಶ್ರಮಿಸಿದರು. 1906ರಲ್ಲಿ ನಿವೃತ್ತರಾದ ಅವರು 1927ರಲ್ಲಿ ಇಂಗ್ಲೆಂಡಿನಲ್ಲಿ ನಿಧನರಾದರು. ಇಷ್ಟು ವಿಸ್ತಾರವಾದ ಕಾರ್ಯದಲ್ಲಿ ಓದಿನ ದೋಷಗಳು ನುಸುಳದಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಈ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು ಹೊರತರಲಾರಂಭಿಸಿತು. ಹಾಗೆ ತಿದ್ದಲು ಹೊರಟವರಿಗೂ ರೈಸರ ಸಂಪುಟಗಳೇ ದಾರಿ ತೋರಿದವು.

ನಗರಗಳು ಬೆಳೆದಂತೆ ಅವರು ದಾಖಲಿಸಿದ ಹಲವು ಕಲ್ಲುಗಳು ಕಣ್ಮರೆಯಾಗಿವೆ. ಕಲ್ಲು ಶಾಶ್ವತ, ಕಾಗದ ಕ್ಷಣಿಕವೆಂಬುದು ಜನರ ನಂಬಿಕೆ. ಆದರೆ ಕಲ್ಲು ಕಳೆದುಹೋದ ಎಡೆಯಲ್ಲಿ ಅದರ ಮಾತು ರೈಸರ ಪುಟಗಳಲ್ಲಿ ಉಳಿದಿದೆ. ನಮ್ಮ ಊರಿನ ಕಲ್ಲುಬರೆಹವನ್ನು ಕಾಪಾಡುವುದೇ ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಗೌರವ.