ಹಾಡನ್ನು ಪಾತ್ರದ ಬಾಯಿಗೆ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ

ಕಿರ್ಲೋಸ್ಕರ್ ಅಂದ ಕೂಡಲೇ ಇಂಜಿನಿಯರಿಂಗ್ ಓದುವ ನಮಗೆಲ್ಲ ನೆನಪಾಗೋದು ಪಂಪು, ಡೀಸೆಲ್ ಎಂಜಿನ್. ಆ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅದೇ ಊರಿನಲ್ಲಿ ಅವರಿಗಿಂತ 26 ವರ್ಷ ಮೊದಲು ಇನ್ನೊಬ್ಬ ಕಿರ್ಲೋಸ್ಕರ ಹುಟ್ಟಿದ್ದರು. ಹೆಸರು ಬಲವಂತ ಪಾಂಡುರಂಗ ಕಿರ್ಲೋಸ್ಕರ, ಜನರ ಬಾಯಲ್ಲಿ ಅಣ್ಣಾಸಾಹೇಬ. ಇವರು ಕಟ್ಟಿದ್ದು ಕಾರ್ಖಾನೆ ಅಲ್ಲ, ಮರಾಠಿ ಸಂಗೀತ ನಾಟಕ. ಕನ್ನಡ ಸಂಘದ ಪತ್ರಿಕೆಯಲ್ಲಿ ಮರಾಠಿ ನಾಟಕಕಾರರು ಯಾಕೆ ಅಂತ ಕೇಳಬಹುದು. ಉತ್ತರ ನಮ್ಮ ಹೊನ್ನಾವರದಲ್ಲೇ ಇದೆ.

1842ರಲ್ಲಿ ಉತ್ತರ ಕನ್ನಡದ ಭಾಗವತರ ಮೇಳವೊಂದು ಘಟ್ಟ ಹತ್ತಿ ಸಾಂಗ್ಲಿಯ ಸಂಸ್ಥಾನಿಕರ ಮುಂದೆ ಆಟ ಆಡಿತು. ಅದು ಹೊನ್ನಾವರ ಹತ್ತಿರದ ಕರ್ಕಿ ಮೇಳ ಅಂತ ನಮ್ಮ ಕಡೆ ಹೇಳ್ತಾರೆ. ಅಂಥದ್ದೇ ಆಟ ಮರಾಠಿಯಲ್ಲೂ ಬೇಕು ಅಂತ ಸಾಂಗ್ಲಿಯ ದೊರೆ ಆಸೆಪಟ್ಟರು. ಅವರ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆ 1843ರಲ್ಲಿ ಸೀತಾ ಸ್ವಯಂವರ ಆಡಿಸಿದರು. ಮರಾಠಿ ರಂಗಭೂಮಿ ಶುರುವಾಗಿದ್ದು ಅಲ್ಲಿಂದ. ಭಾವೆಯವರ ಆಟದಲ್ಲಿ ಸೂತ್ರಧಾರ ಹಾಡ್ತಿದ್ದರು, ಪಾತ್ರಧಾರಿಗಳು ಅಭಿನಯಿಸಿ ಆಶುವಾಗಿ ಮಾತಾಡ್ತಿದ್ದರು. ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ಸೂತ್ರಧಾರ ಅಂದ್ರೆ ನಮ್ಮ ಭಾಗವತರೇ.

ಅಣ್ಣಾಸಾಹೇಬರು ಹುಟ್ಟಿದ್ದೂ ಅದೇ 1843ರಲ್ಲಿ. ಸುತ್ತ ಕನ್ನಡದ ಊರು, ಮನೆಯಲ್ಲಿ ಮರಾಠಿ. ಓದೋಕೆ ಅಂತ ಪುಣೆಗೆ ಹೋದವರಿಗೆ ಪುಸ್ತಕಕ್ಕಿಂತ ನಾಟಕ ಮಂಡಳಿಗಳ ಕಡೆಗೇ ಗಮನ ಜಾಸ್ತಿ. ಮಂಡಳಿಗಳಿಗೆ ಪದ ಬರೆದುಕೊಡ್ತಿದ್ದರು. ಆಮೇಲೆ ಬೆಳಗಾವಿಯಲ್ಲಿ ಮೇಷ್ಟ್ರಾದರು, ರೆವಿನ್ಯೂ ಕಮಿಷನರ್ ಕಚೇರಿಯಲ್ಲಿ ನೌಕರಿ ಮಾಡಿದರು. ಕೆಲಸ ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ಈ ಪರಿಸ್ಥಿತಿ ನಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತೆ.

1880ರಲ್ಲಿ ಪುಣೆಯಲ್ಲಿ ಪಾರ್ಸಿ ಕಂಪನಿಯವರ ಇಂದ್ರಸಭಾ ನೋಡಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಕಾಳಿದಾಸನ ಶಾಕುಂತಲವನ್ನು ಮರಾಠಿಗೆ ತಂದು, ನೂರಕ್ಕೂ ಹೆಚ್ಚು ಪದ ಸೇರಿಸಿ, ಅದೇ ವರ್ಷ ಅಕ್ಟೋಬರ್ 31ಕ್ಕೆ ರಂಗಕ್ಕೆ ಏರಿಸಿದರು. ಆಗ ವಯಸ್ಸು 37. ಅವರು ಮಾಡಿದ ಮುಖ್ಯ ಬದಲಾವಣೆ ಹೇಳೋಕೆ ಸಣ್ಣದು. ಸೂತ್ರಧಾರನ ಬಾಯಲ್ಲಿದ್ದ ಹಾಡನ್ನು ತೆಗೆದು ಪಾತ್ರದ ಬಾಯಿಗೇ ಕೊಟ್ಟರು. ಶಕುಂತಲೆಯ ದುಃಖವನ್ನು ಶಕುಂತಲೆಯೇ ಹಾಡಬೇಕು. ಹಾಗಾಗಿ ನಟನಿಗೆ ಕಂಠ ಇರಲೇಬೇಕಾಯ್ತು. ಭಾವೂರಾವ್ ಕೊಲ್ಹಟ್ಕರ್ ಅವರಂಥ ಹಾಡುಗಾರ ನಟರು ಬೆಳೆದದ್ದು ಈ ಕಂಪನಿಯಲ್ಲೇ.

1882ರ ನವೆಂಬರ್ 18ರಂದು ಸೌಭದ್ರ ಬಂತು. ಬಲರಾಮನಿಗೆ ತಂಗಿ ಸುಭದ್ರೆಯನ್ನು ದುರ್ಯೋಧನನಿಗೆ ಕೊಡುವ ಆಸೆ, ಅವಳಿಗೆ ಅರ್ಜುನನೇ ಬೇಕು, ನಡುವೆ ಕೃಷ್ಣನ ತಂತ್ರ, ಅರ್ಜುನನ ಕಪಟ ಸನ್ಯಾಸ. ನಮ್ಮ ಸುಭದ್ರಾ ಕಲ್ಯಾಣ ಪ್ರಸಂಗದ ಕಥೆಯೇ. ಇದನ್ನವರು ಮನೆಯೊಳಗಿನ ತಮಾಷೆಯ ಹಾಗೆ ಬರೆದರು. ಶಾಸ್ತ್ರೀಯ ರಾಗದ ಜೊತೆ ಹಳ್ಳಿಯ ಧಾಟಿ, ಕನ್ನಡ ಹಾಡುಗಳ ಧಾಟಿಯನ್ನೂ ಸೇರಿಸಿಕೊಂಡರು. ಮರಾಠಿ ನಾಟಕಕ್ಕೆ ಕನ್ನಡದ ಸಾಲ ಎರಡನೇ ಸಲ ಸಂದದ್ದು ಹೀಗೆ. ಸರಿಯಾಗಿ ಒಂದು ವಾರದ ನಂತರ ಲಂಡನ್ನಿನಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ ಜೋಡಿಯ ಅಯೊಲಾಂತೆ ಎಂಬ ಹಾಸ್ಯ ಗೀತನಾಟಕ ಶುರುವಾಯಿತು. ಅದು ನಡೆದ ಸವಾಯ್ ಥಿಯೇಟರ್ ಜಗತ್ತಿನಲ್ಲೇ ಮೊದಲು ಪೂರ್ತಿ ವಿದ್ಯುತ್ ದೀಪ ಹಾಕಿದ ಸಾರ್ವಜನಿಕ ಕಟ್ಟಡ ಅಂತ ನಮ್ಮ ಎಲೆಕ್ಟ್ರಿಕಲ್ ವಿಭಾಗದ ಗೆಳೆಯರಿಗೆ ಹೇಳಲೇಬೇಕು. ಎರಡು ಊರಿನವರಿಗೂ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಬೇಕಾಗಿರಲಿಲ್ಲ. ನಗು ಮತ್ತು ಹಾಡು ಸೇರಿದ್ರೆ ಜನ ಬರ್ತಾರೆ ಅನ್ನೋದು ಇಬ್ಬರಿಗೂ ಗೊತ್ತಿತ್ತು.

ಮೂರನೇ ನಾಟಕ ರಾಮರಾಜ್ಯವಿಯೋಗ ಮುಗಿಯಲಿಲ್ಲ. 1885ರ ನವೆಂಬರ್ 2ರಂದು, 42ನೇ ವಯಸ್ಸಿನಲ್ಲಿ ಅಣ್ಣಾಸಾಹೇಬರು ತೀರಿಕೊಂಡರು. ಅವರು ರಂಗದಲ್ಲಿ ಬೆಳಗಿದ್ದು ಬರೀ ಐದು ವರ್ಷ. ಗ್ರಾಮಫೋನ್ ಕಂಪನಿಯವರು ಭಾರತಕ್ಕೆ ಬಂದು ಮೊದಲ ರೆಕಾರ್ಡಿಂಗ್ ಮಾಡಿದ್ದು 1902ರಲ್ಲಿ. ಭಾವೂರಾವ್ ತೀರಿಹೋದದ್ದು 1901ರಲ್ಲಿ. ಒಂದೇ ವರ್ಷದ ಅಂತರದಲ್ಲಿ ಸೌಭದ್ರದ ಆ ಮೊದಲ ದನಿ ನಮ್ಮ ಕೈತಪ್ಪಿತು. 1905ರಲ್ಲಿ ಕಿರ್ಲೋಸ್ಕರ ಮಂಡಳಿ ಸೇರಿದ ಬಾಲಗಂಧರ್ವರ ದನಿ ಮಾತ್ರ ಸಿಕ್ಕಿತು. ರಂಗದ ಮೇಲೆ ವನ್ಸ್‌ಮೋರ್ ಬಂದಷ್ಟು ಸಲ ಬೆಳೆಯುತ್ತಿದ್ದ ಪದವನ್ನು 78 ಸುತ್ತಿನ ರೆಕಾರ್ಡಿನ ಮೂರು ಚಿಲ್ಲರೆ ನಿಮಿಷಕ್ಕೆ ಇಳಿಸಬೇಕಿತ್ತು. ಮುಂದೆ ಸಿನಿಮಾ ಹಾಡಿನ ಉದ್ದವೂ ಸುಮಾರು ಅಷ್ಟೇ ಆಯ್ತು.

1931ರಲ್ಲಿ ಆಲಂ ಆರಾ, 1934ರಲ್ಲಿ ಕನ್ನಡದ ಸತಿ ಸುಲೋಚನಾ ಬಂದಾಗ ನಟರೇ ಹಾಡಬೇಕಿತ್ತು. ಇದು ಅಣ್ಣಾಸಾಹೇಬರು ಹಾಕಿದ ದಾರಿ. 1935ರಿಂದ ಹಿನ್ನೆಲೆ ಗಾಯನ ಶುರುವಾಯ್ತು. ದನಿ ಒಬ್ಬರದು, ಅಭಿನಯ ಇನ್ನೊಬ್ಬರದು. ನಮ್ಮ ಲೆಕ್ಕದಲ್ಲಿ ಸಿನಿಮಾ ಒಂದು ಸುತ್ತು ಹೊಡೆದು ಮತ್ತೆ ಭಾಗವತರ ಹತ್ತಿರವೇ ಬಂತು. ವ್ಯತ್ಯಾಸ ಇಷ್ಟೇ: ಭಾಗವತರು ರಂಗದ ಮೇಲೆಯೇ ಕಾಣ್ತಾರೆ, ಹಿನ್ನೆಲೆ ಗಾಯಕರು ಕಾಣೋದಿಲ್ಲ.

ಭಟ್ಕಳದಿಂದ ಕುಮಟಾವರೆಗೆ ಮಳೆಗಾಲ ಮುಗಿದ ಮೇಲೆ ಆಟ ಶುರುವಾಗುತ್ತೆ. ಸುಭದ್ರಾ ಕಲ್ಯಾಣ ಇದ್ದರೆ ಬಿಡಬೇಡಿ. ಹೋಗುವ ಮೊದಲು ಬಾಲಗಂಧರ್ವರ ಸೌಭದ್ರದ ಹಳೇ ರೆಕಾರ್ಡು ಒಂದನ್ನು ಹುಡುಕಿ ಕೇಳಿ. ಮರಾಠಿ ಬಾರದಿದ್ದರೂ ಪರವಾಗಿಲ್ಲ, ಕಥೆ ನಿಮಗೆ ಗೊತ್ತಿರೋದೇ.