ಪ್ರೆಸ್ಟ್ವಿಕ್ ಕಡಲ ದಂಡೆಯ ಟಾಮ್ ಮಾರಿಸ್

ಮುಂಬಯಿಯ ಚೆಂಬೂರಿನಲ್ಲಿ ನೆಲೆಸಿರುವ ನಮ್ಮ ಬಂಧುಗಳು ಅಲ್ಲಿನ ಗಾಲ್ಫ್ ಮೈದಾನದ ಪಕ್ಕದಲ್ಲಿ ವರ್ಷಗಟ್ಟಲೆ ಓಡಾಡಿದವರು. ಊರಿಗೆ ಹೋದಾಗ ಬೆಂಗಳೂರಿನಲ್ಲಿ 1876ರಿಂದ ನಡೆದುಬಂದಿರುವ ಗಾಲ್ಫ್ ಕ್ಲಬ್ಬನ್ನೂ ಹೊರಗಿನಿಂದ ನೋಡಿರುತ್ತಾರೆ. ಒಳಗೆ ಕಾಲಿಟ್ಟವರು ವಿರಳ. ಇದು ಸಿರಿವಂತರ ಆಟ, ಸದಸ್ಯತ್ವ ಪಡೆದವರ ಆಟ ಎಂಬ ಭಾವನೆ ನಮ್ಮಂಥ ಸಂಬಳದಾರರಲ್ಲಿ ಬೇರೂರಿದೆ. ಅದು ತಪ್ಪೆಂದು ನಾವು ವಾದಿಸುವುದಿಲ್ಲ. ಆದರೆ ಈ ಆಟದ ಅತ್ಯಂತ ಪುರಾತನವಾದ ಸ್ಪರ್ಧೆ ಆರಂಭವಾದ ಮೈದಾನವನ್ನು ರೂಪಿಸಿದವರು ಒಬ್ಬ ನೇಕಾರನ ಮಗ. ಕ್ಲಬ್ಬಿಗೆ ಸಂಬಳದ ಆಳಾಗಿ ಬಂದವರು. ಅವರ ಜೀವನಕಥೆಯನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಟಾಮ್ ಮಾರಿಸ್ 1821ರ ಜೂನ್ 16ರಂದು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ ಜನಿಸಿದರು. ಹದಿನಾಲ್ಕರ ಆಸುಪಾಸಿನಲ್ಲಿ, ಆ ಕಾಲದ ಶ್ರೇಷ್ಠ ಆಟಗಾರನೂ ಚೆಂಡು ತಯಾರಕನೂ ಆಗಿದ್ದ ಅಲನ್ ರಾಬರ್ಟ್‌ಸನ್ ಬಳಿ ಕೆಲಸ ಕಲಿಯಲು ಸೇರಿದರು. ಅಂದಿನ ಚೆಂಡೆಂದರೆ ಹೊಲಿದ ಚರ್ಮದ ಚೀಲದೊಳಗೆ ಬೇಯಿಸಿದ ಹಕ್ಕಿಗರಿಗಳನ್ನು ಬಿಗಿಯಾಗಿ ತುಂಬಿದ್ದು. ದಿನವಿಡೀ ದುಡಿದರೂ ಮೂರೋ ನಾಲ್ಕೋ ಚೆಂಡು ಸಿದ್ಧವಾಗುತ್ತಿದ್ದವು. ಬೆಲೆ ಹೆಚ್ಚು, ಆಯುಸ್ಸು ಕಡಿಮೆ.

1848ರ ಸುಮಾರಿಗೆ ಮಲಯ ದೇಶದ ಮರದ ಅಂಟಾದ ಗಟ್ಟಾಪರ್ಚಾದಿಂದ ಮಾಡಿದ ಅಗ್ಗದ ಚೆಂಡು ಬಂದಿತು. ಪೂರ್ವ ದೇಶದಿಂದ ಸೇಂಟ್ ಆಂಡ್ರೂಸ್‌ಗೆ ಬಂದ ವಿಷ್ಣುವಿನ ವಿಗ್ರಹವೊಂದಕ್ಕೆ ಸುತ್ತಿದ್ದ ಗಟ್ಟಾಪರ್ಚಾದಿಂದಲೇ ಮೊದಲ ಚೆಂಡು ಹುಟ್ಟಿತೆಂಬ ಕಥೆಯೂ ಆ ಊರಿನಲ್ಲಿದೆ. ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಗರಿಯ ಚೆಂಡನ್ನೇ ನಂಬಿ ಬದುಕಿದ್ದ ರಾಬರ್ಟ್‌ಸನ್‌ಗೆ ಮಾತ್ರ ಇದು ಹೊಟ್ಟೆಪಾಡಿನ ಪ್ರಶ್ನೆಯಾಯಿತು. ಶಿಷ್ಯನು ಹೊಸ ಚೆಂಡಿನಿಂದ ಆಡಿದ್ದು ತಿಳಿದು ಗುರು ಕೆರಳಿದರು; ಇಬ್ಬರೂ ಬೇರೆಯಾದರು. ಯಂತ್ರ ಬಂದು ಕೈಕಸುಬು ಕಳೆದುಕೊಂಡವರನ್ನೂ, ಗಣಕಯಂತ್ರ ಬಂದಾಗ ಬ್ಯಾಂಕುಗಳಲ್ಲಿ ಕಳವಳಗೊಂಡ ಹಿರಿಯ ಗುಮಾಸ್ತರನ್ನೂ ಕಂಡಿರುವ ನಮಗೆ ರಾಬರ್ಟ್‌ಸನ್ ಮೇಲೆ ಕೋಪ ಬರುವುದಿಲ್ಲ.

ಇದೇ ಸಮಯಕ್ಕೆ, 1851ರಲ್ಲಿ, ದೇಶದ ಇನ್ನೊಂದು ಬದಿಯ ಪಶ್ಚಿಮ ಕರಾವಳಿಯಲ್ಲಿ, ಅರಾನ್ ದ್ವೀಪ ಕಾಣುವ ಪ್ರೆಸ್ಟ್ವಿಕ್ ಎಂಬಲ್ಲಿ ಗಣ್ಯರು ಕೆಲವರು ಗಾಲ್ಫ್ ಕ್ಲಬ್ಬೊಂದನ್ನು ಸ್ಥಾಪಿಸಿದರು. ಗ್ಲಾಸ್ಗೋದಿಂದ ಬರುವ ರೈಲುಹಾದಿ ಮೈದಾನದ ಅಂಚಿನಲ್ಲೇ ಹಾದುಹೋಗಿತ್ತು. ಕ್ಲಬ್ಬಿನ ಮುಂದಾಳು ಕರ್ನಲ್ ಜೇಮ್ಸ್ ಓಗಿಲ್ವಿ ಫೇರ್ಲಿಯವರು ಮಾರಿಸ್ ಅವರನ್ನು ಮೈದಾನದ ಪಾಲಕರಾಗಿ ಕರೆಸಿಕೊಂಡರು. ಆ ಹಿಂದಿನ ವರ್ಷವಷ್ಟೇ ನಾಲ್ಕು ವರ್ಷದ ಚೊಚ್ಚಲ ಮಗ ಟಾಮಿಯನ್ನು ಮಾರಿಸ್ ದಂಪತಿಗಳು ಕಳೆದುಕೊಂಡಿದ್ದರು. 1851ರ ಏಪ್ರಿಲ್‌ನಲ್ಲಿ ಹುಟ್ಟಿದ ಮಗುವಿಗೂ ಅದೇ ಹೆಸರನ್ನಿಟ್ಟು, ಆ ಕೂಸನ್ನೆತ್ತಿಕೊಂಡು ಅವರು ಪ್ರೆಸ್ಟ್ವಿಕ್‌ಗೆ ಬಂದರು.

ಅಲ್ಲಿದ್ದುದು ಮರಳುದಿಬ್ಬ, ಒರಟು ಹುಲ್ಲು, ಕಡಲ ಗಾಳಿ. ಜಾಗವೂ ಕಿರಿದು. ಮಾರಿಸ್ ಅಲ್ಲಿ ಹನ್ನೆರಡು ಗುಳಿಗಳ ಆಟದ ಹಾದಿಯನ್ನು ಹಾಕಿದರು. ದಿಬ್ಬಗಳನ್ನು ಕಡಿದು ಸಮ ಮಾಡಲಿಲ್ಲ. ಅವುಗಳ ಮೇಲೆಯೇ, ಆಚೆ ಏನಿದೆಯೆಂದು ಕಾಣದಂತೆ ಹೊಡೆಯಬೇಕಾದ ಆಟವನ್ನಾಗಿಸಿದರು. ಹಾದಿಗಳು ಒಂದನ್ನೊಂದು ಅಡ್ಡಹಾಯುತ್ತಿದ್ದವು. ಮೊದಲ ಗುಳಿಯ ದೂರವೇ 578 ಗಜ. ಆಲ್ಪ್ಸ್ ಎಂಬ ಹೆಸರಿನ ದಿಬ್ಬವನ್ನು ದಾಟಿಸುವ ಗುಳಿ ಅಲ್ಲಿ ಇಂದಿಗೂ ಆಟದಲ್ಲಿದೆ. ಕುಶಲಕರ್ಮಿಗಳಿಗಾಗಿ ಅದೇ ವರ್ಷ ಪ್ರೆಸ್ಟ್ವಿಕ್‌ನಲ್ಲಿ ಬೇರೊಂದು ಸಂಘ ಹುಟ್ಟಿತು. ಅದರ ಸ್ಥಾಪಕರಲ್ಲಿಯೂ ಮಾರಿಸ್ ಒಬ್ಬರು.

ರಾಬರ್ಟ್‌ಸನ್ 1859ರಲ್ಲಿ ತೀರಿಕೊಂಡಾಗ, ಇನ್ನು ಶ್ರೇಷ್ಠರು ಯಾರೆಂಬ ಪ್ರಶ್ನೆ ಎದ್ದಿತು. ಪ್ರೆಸ್ಟ್ವಿಕ್ ಕ್ಲಬ್ಬು 1860ರ ಅಕ್ಟೋಬರ್ 17ರಂದು ಸ್ಪರ್ಧೆಯೊಂದನ್ನು ಏರ್ಪಡಿಸಿತು. ಇಂದು ಓಪನ್ ಎಂದು ಜಗತ್ತೇ ಕರೆಯುವ ಪಂದ್ಯಾವಳಿಯ ಆರಂಭವಿದು. ಆಡಿದವರು ಎಂಟೇ ಮಂದಿ, ಎಲ್ಲರೂ ವೃತ್ತಿಪರರು. ಒಂದೇ ದಿನ ಮೂರು ಸುತ್ತು, ಒಟ್ಟು 36 ಗುಳಿ. ಬಹುಮಾನ ಬೆಳ್ಳಿಯ ಬಿಲ್ಲೆಯುಳ್ಳ ಕೆಂಪು ಚರ್ಮದ ನಡುಪಟ್ಟಿ, ನಗದು ಇಲ್ಲ. ಮಸಲ್‌ಬರೋದ ವಿಲ್ಲಿ ಪಾರ್ಕ್ 174 ಹೊಡೆತಗಳಲ್ಲಿ ಗೆದ್ದರು. ಮಾರಿಸ್ ಎರಡು ಹೊಡೆತ ಹಿಂದುಳಿದರು. ತಾವೇ ಹದಗೊಳಿಸಿದ ನೆಲದಲ್ಲಿ ಸೋತದ್ದು ಅವರನ್ನು ಕಾಡಿರಬೇಕು. ಮುಂದೆ 1861, 1862, 1864 ಮತ್ತು 1867ರಲ್ಲಿ ಅವರೇ ವಿಜಯಿಗಳು. 1862ರಲ್ಲಿ 13 ಹೊಡೆತಗಳ ಅಂತರದ ಗೆಲುವು. ಓಪನ್‌ನಲ್ಲಿ ಅದನ್ನು ಮೀರಿಸಿದವರಿಲ್ಲ. 1864ರಲ್ಲಿ ವಿಜೇತರಿಗೆ ಮೊದಲ ಬಾರಿ ನಗದು ದೊರೆಯಿತು, 6 ಪೌಂಡು. 1867ರಲ್ಲಿ ಅವರಿಗೆ 46 ವರ್ಷ. ಅಷ್ಟು ವಯಸ್ಸಿನಲ್ಲಿ ಓಪನ್ ಗೆದ್ದವರು ಇಂದಿಗೂ ಮತ್ತೊಬ್ಬರಿಲ್ಲ.

ಅಷ್ಟರಲ್ಲಿ ಹುಟ್ಟೂರು ಅವರನ್ನು ಹಿಂದಕ್ಕೆ ಕರೆದಿತ್ತು. ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ಬು ವರ್ಷಕ್ಕೆ 50 ಪೌಂಡು ಸಂಬಳ, ಮೈದಾನದ ಖರ್ಚಿಗೆ 20 ಪೌಂಡು ಎಂದು ಗೊತ್ತುಮಾಡಿ 1864ರಲ್ಲಿ ನೇಮಿಸಿತು. ಕೈಗೆ ಕೊಟ್ಟ ಸಲಕರಣೆ ಒಂದು ತಳ್ಳುಗಾಡಿ, ಒಂದು ಗುದ್ದಲಿ, ಒಂದು ಸಲಿಕೆ. ಇಷ್ಟರಿಂದಲೇ ಹಾಳಾಗಿದ್ದ ಹಳೆಯ ಮೈದಾನವನ್ನು ಅವರು ಎತ್ತಿ ನಿಲ್ಲಿಸಿದರು. ಹುಲ್ಲಿನ ಮೇಲೆ ಮರಳು ಚೆಲ್ಲಿದರೆ ಅದು ಸೊಂಪಾಗಿ ಚಿಗುರುವುದನ್ನು ಕಂಡುಕೊಂಡು, ಮರಳು ಹಾಕುವುದನ್ನೇ ನಿತ್ಯವ್ರತ ಮಾಡಿಕೊಂಡರು. ಭಾನುವಾರ ಆಟಗಾರರಿಗೆ ವಿಶ್ರಾಂತಿ ಬೇಡವಾದರೂ ನೆಲಕ್ಕೆ ಬೇಕೆಂಬುದು ಅವರ ನಿಲುವು. ಚಳಿಗಾಲದಲ್ಲೂ ಬೆಳಗ್ಗೆ ಕಡಲ ಸ್ನಾನ ತಪ್ಪಿಸಿದವರಲ್ಲ.

ಪ್ರೆಸ್ಟ್ವಿಕ್‌ನ ಮರಳಿನಲ್ಲಿ ಆಡಿ ಬೆಳೆದ ಮಗ ಟಾಮಿ 1868ರಲ್ಲಿ ಹದಿನೇಳನೆಯ ವಯಸ್ಸಿಗೇ ಅದೇ ಮೈದಾನದಲ್ಲಿ ಓಪನ್ ಗೆದ್ದ. ಎರಡನೆಯ ಸ್ಥಾನ ತಂದೆಯದು. ಸೋಲಿನಲ್ಲಿ ಇಷ್ಟು ಹಿಗ್ಗಿದ ತಂದೆ ಬೇರೆ ಸಿಗಲಾರರು ಎನಿಸುತ್ತದೆ. 1869 ಮತ್ತು 1870ರಲ್ಲೂ ಮಗನೇ ಗೆದ್ದ. ಮೂರು ಬಾರಿ ಸತತವಾಗಿ ಗೆದ್ದವನಿಗೇ ಸ್ವಂತವೆಂಬ ನಿಯಮದಂತೆ ನಡುಪಟ್ಟಿ ಮನೆಗೇ ಬಂದಿತು. 1870ರಲ್ಲಿ ಆ 578 ಗಜದ ಗುಳಿಯನ್ನು ಅವನು ಮೂರೇ ಹೊಡೆತಗಳಲ್ಲಿ ಮುಗಿಸಿದ್ದ. ಕೊಡಲು ಪಟ್ಟಿಯಿಲ್ಲದೆ 1871ರಲ್ಲಿ ಸ್ಪರ್ಧೆಯೇ ನಡೆಯಲಿಲ್ಲ. 1872ರಲ್ಲಿ ಮತ್ತೆ ನಡೆದಾಗಲೂ ಗೆದ್ದವನು ಟಾಮಿಯೇ. ಇಂದು ಪ್ರಸಿದ್ಧವಾದ ಬೆಳ್ಳಿಯ ಹೂಜಿಯ ಮೇಲೆ ಕೆತ್ತಿದ ಮೊದಲ ಹೆಸರು ಅವನದೇ.

1875ರ ಸೆಪ್ಟೆಂಬರ್‌ನಲ್ಲಿ ತಂದೆ ಮಗ ಇಬ್ಬರೂ ನಾರ್ತ್ ಬೆರಿಕ್ ಎಂಬಲ್ಲಿ ಪಾರ್ಕ್ ಸಹೋದರರ ವಿರುದ್ಧ ಪಂದ್ಯವಾಡುತ್ತಿದ್ದರು. ಪಂದ್ಯ ಮುಗಿಯುವ ಹೊತ್ತಿಗೆ ತಂತಿ ಬಂದಿತು: ಟಾಮಿಯ ಹೆಂಡತಿ ಮಾರ್ಗರೆಟ್ ಹೆರಿಗೆಯಲ್ಲಿ ಸಂಕಟಪಡುತ್ತಿದ್ದಾಳೆ. ರೈಲಿನಲ್ಲಿ ಸುತ್ತಿಹೋಗಲು ಸಮಯವಿಲ್ಲದೆ, ಹಿತೈಷಿಯೊಬ್ಬರು ಕೊಟ್ಟ ಹಾಯಿದೋಣಿಯಲ್ಲಿ ಅವರು ಕಡಲಗಾಲುವೆಯನ್ನು ದಾಟಿದರು. ಮನೆ ತಲಪಿದಾಗ ತಾಯಿಯೂ ಇಲ್ಲ, ಮಗುವೂ ಇಲ್ಲ. ಟಾಮಿ ಮತ್ತೆ ಚೇತರಿಸಿಕೊಳ್ಳಲಿಲ್ಲ. ಅದೇ ವರ್ಷ ಕ್ರಿಸ್ಮಸ್ ದಿನದಂದು, 24ರ ಹರೆಯದಲ್ಲಿ, ಹಾಸಿಗೆಯಲ್ಲಿ ಸತ್ತಿರುವುದು ಕಂಡುಬಂದಿತು. ಎದೆಯೊಡೆದು ಸತ್ತನೆಂದು ಜನ ಹೇಳಿದರು. ವೈದ್ಯರ ಪ್ರಕಾರ ಶ್ವಾಸಕೋಶದ ರಕ್ತಸ್ರಾವ.

ಮುಂದಿನ ವರ್ಷ ಪತ್ನಿ ನ್ಯಾನ್ಸಿ ತೀರಿಕೊಂಡರು. ಹುಟ್ಟಿನಿಂದಲೇ ನಡೆಯಲಾರದ ಮಗ ಜಾನ್ 1893ರಲ್ಲಿ, ಮಗಳು ಎಲಿಜಬೆತ್ 1898ರಲ್ಲಿ, ಫೇರ್ಲಿಯವರ ಹೆಸರನ್ನೇ ಹೊತ್ತಿದ್ದ ಮಗ ಜೇಮ್ಸ್ 1906ರಲ್ಲಿ. ತಂದೆ ಮಾತ್ರ ಉಳಿದರು. ಈ ವರ್ಷಗಳಲ್ಲಿಯೇ ಅವರು ಡಾರ್ನಕ್, ಮ್ಯೂರ್‌ಫೀಲ್ಡ್, ಐರ್ಲೆಂಡಿನ ಕೌಂಟಿ ಡೌನ್ ಮುಂತಾದ ಕಡಲತೀರದ ಮೈದಾನಗಳನ್ನು ಅಳೆದು ಗುರುತುಹಾಕಿದ್ದು. ಕೌಂಟಿ ಡೌನ್‌ನ ಕೆಲಸಕ್ಕೆ 1889ರಲ್ಲಿ ಕ್ಲಬ್ಬು ಮಂಜೂರು ಮಾಡಿದ್ದು ನಾಲ್ಕು ಗಿನಿಗಳಿಗೆ ಮೀರದ ಹಣ. ಇಂದು ಆ ಮೈದಾನವನ್ನು ಜಗತ್ತಿನ ಅತ್ಯುತ್ತಮವಾದವುಗಳಲ್ಲಿ ಎಣಿಸುತ್ತಾರೆ. ಲೆಕ್ಕ ಬರೆಯುವ ನಮ್ಮ ಕೈಗೆ ಈ ಅಂಕೆ ಸುಲಭವಾಗಿ ಒಗ್ಗುವುದಿಲ್ಲ.

ಅವರು ಆಳಾಗಿ ದುಡಿದ ಕ್ಲಬ್ಬಿನ ಸದಸ್ಯರೇ ಕಲಾವಿದ ಸರ್ ಜಾರ್ಜ್ ರೀಡ್ ಅವರಿಂದ ಅವರ ಭಾವಚಿತ್ರ ಬರೆಯಿಸಿ ಒಳಗೆ ತೂಗುಹಾಕಿದರು. ನಿವೃತ್ತರಾದ ಮೇಲೂ ಸಂಬಳ ನಿಲ್ಲಿಸಲಿಲ್ಲ. 1908ರ ಮೇ 24ರಂದು, 86ರ ವಯಸ್ಸಿನಲ್ಲಿ, ಊರಿನ ನ್ಯೂ ಕ್ಲಬ್ಬಿನಲ್ಲಿ ನೆಲಮಾಳಿಗೆಯ ಮೆಟ್ಟಿಲುಗಳಿಂದ ಬಿದ್ದು ಅವರು ಅಸುನೀಗಿದರು. ಸೇಂಟ್ ಆಂಡ್ರೂಸ್‌ನ ಹಳೆಯ ಕೆಥೆಡ್ರಲ್ ಅಂಗಳದಲ್ಲಿ, ಟಾಮಿಯ ಸ್ಮಾರಕದ ಬಳಿಯೇ ಅವರನ್ನು ಮಣ್ಣುಮಾಡಿದರು. ಪ್ರೆಸ್ಟ್ವಿಕ್‌ನಲ್ಲಿ 1925ರ ನಂತರ ಓಪನ್ ನಡೆದಿಲ್ಲ. ಬಂದ ಜನಸಾಗರಕ್ಕೆ ಆ ಕಿರಿದಾದ ನೆಲ ಸಾಲಲಿಲ್ಲ. ಮಾರಿಸ್ ಗುರುತುಹಾಕಿದ ಮೊದಲ ಗುಳಿಯ ಆಟ ಎಲ್ಲಿಂದ ಆರಂಭವಾಗುತ್ತಿತ್ತೋ ಅಲ್ಲಿ, ಕ್ಲಬ್ಬಿನ ಕಟ್ಟಡದ ಸಮೀಪ, ಒಂದು ಕಲ್ಲಿನ ಗುರುತನ್ನು ನಿಲ್ಲಿಸಿದ್ದಾರೆ.