ಪತ್ರ, ಪಾಠ ಮತ್ತು ಚರಿತ್ರೆ: ಜೆ.ಬಿ. ಲೈಟ್‌ಫುಟ್ಟರ ಬದುಕು–ವಿದ್ವತ್ತು

ಕ್ರೈಸ್ತ ಧರ್ಮದ ಉಪಲಬ್ಧ ಬರಹಗಳಲ್ಲಿ ಅತ್ಯಂತ ಹಳೆಯವು ಸುವಾರ್ತೆಗಳಲ್ಲ, ಪತ್ರಗಳು. ಒಂದನೆಯ ಶತಮಾನದ ಮಧ್ಯಭಾಗದಲ್ಲಿ ಪೌಲನು ಬರೆದ ಪತ್ರಿಕೆಗಳು, ಅದೇ ಶತಮಾನದ ಕೊನೆಯಲ್ಲಿ ರೋಮಿನ ಸಭೆ ಕೊರಿಂಥದ ಸಭೆಗೆ ಕಳುಹಿಸಿದ, ಕ್ಲೆಮೆಂಟನ ಹೆಸರಿನಲ್ಲಿ ಪ್ರಸಿದ್ಧವಾದ ಪತ್ರ, ಎರಡನೆಯ ಶತಮಾನದ ಆರಂಭದ ಇಗ್ನೇಷಿಯಸನ ಪತ್ರಗಳು ಈ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ಯಾವುದು ಮೂಲ, ಯಾವುದು ಪ್ರಕ್ಷೇಪ, ಯಾವುದು ಕೃತಕ ಎಂಬ ವಿವೇಚನೆ ಕೇವಲ ಗ್ರಂಥಸಂಪಾದನೆಯ ಪ್ರಶ್ನೆಯಾಗಿರಲಿಲ್ಲ. ಪತ್ರದ ಕಾಲ ಐವತ್ತು ವರ್ಷ ಹಿಂದಕ್ಕೋ ಮುಂದಕ್ಕೋ ಸರಿದರೆ ಒಂದು ಧರ್ಮದ ಆರಂಭದ ಚರಿತ್ರೆಯೇ ಬದಲಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರಶ್ನೆಗೆ ತಮ್ಮ ಆಯುಷ್ಯದ ಬಹುಭಾಗವನ್ನು ಕೊಟ್ಟವರು ಜೋಸೆಫ್ ಬಾರ್ಬರ್ ಲೈಟ್‌ಫುಟ್.

ಲೈಟ್‌ಫುಟ್ಟರು ಜನಿಸಿದ್ದು 1828ರ ಏಪ್ರಿಲ್ 13ರಂದು, ಲಿವರ್‌ಪೂಲ್ ನಗರದಲ್ಲಿ. ತಂದೆ ಲೆಕ್ಕಪತ್ರದ ವೃತ್ತಿಯವರು. ಅವರ ಮರಣಾನಂತರ ಕುಟುಂಬವು ಬರ್ಮಿಂಗ್‌ಹ್ಯಾಮಿಗೆ ಬಂದುದರಿಂದ ಬಾಲಕನಿಗೆ ಅಲ್ಲಿನ ಕಿಂಗ್ ಎಡ್ವರ್ಡ್ ಶಾಲೆಯಲ್ಲಿ ಪ್ರಿನ್ಸ್ ಲೀ ಎಂಬ ಗುರುವಿನ ಕೈಕೆಳಗೆ ಗ್ರೀಕ್ ಕಲಿಯುವ ಅವಕಾಶ ಒದಗಿತು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1851ರಲ್ಲಿ ಪ್ರಾಚೀನ ಭಾಷೆಗಳ ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದರು. 1861ರಲ್ಲಿ ಅಲ್ಲಿಯೇ ಪ್ರಾಧ್ಯಾಪಕರಾದರು. ವೆಸ್ಟ್‌ಕಾಟ್ ಮತ್ತು ಹಾರ್ಟ್ ಎಂಬ ಇಬ್ಬರು ಗೆಳೆಯರೊಡನೆ ಹೊಸ ಒಡಂಬಡಿಕೆಗೆ ವ್ಯಾಖ್ಯಾನ ಬರೆಯುವ ಯೋಜನೆ ಹಾಕಿಕೊಂಡಾಗ ಪೌಲನ ಪತ್ರಿಕೆಗಳು ಇವರ ಪಾಲಿಗೆ ಬಂದವು. ಗಲಾತ್ಯದವರಿಗೆ ಬರೆದ ಪತ್ರಿಕೆಯ ವ್ಯಾಖ್ಯಾನ 1865ರಲ್ಲಿ, ಫಿಲಿಪ್ಪಿಯವರಿಗೆ ಬರೆದುದರದು 1868ರಲ್ಲಿ, ಕೊಲೊಸ್ಸೆಯವರಿಗೆ ಮತ್ತು ಫಿಲೆಮೋನನಿಗೆ ಬರೆದವುಗಳದು 1875ರಲ್ಲಿ ಪ್ರಕಟವಾದವು.

ಈ ಕೃತಿಗಳ ಹಿನ್ನೆಲೆಯಲ್ಲಿ ಜರ್ಮನಿಯ ಟ್ಯೂಬಿಂಗೆನ್ ಪಂಥದ ವಾದವಿದೆ. ಎಫ್.ಸಿ. ಬೌರ್ ಎಂಬ ವಿದ್ವಾಂಸರ ಪ್ರಕಾರ ಆರಂಭದ ಕ್ರೈಸ್ತ ಸಮುದಾಯದಲ್ಲಿ ಪೇತ್ರನ ಯೆಹೂದಿ ಪಕ್ಷಕ್ಕೂ ಪೌಲನ ಅನ್ಯಜನ ಪಕ್ಷಕ್ಕೂ ತೀವ್ರ ವಿರೋಧವಿತ್ತು. ಎರಡನೆಯ ಶತಮಾನದಲ್ಲಿ ಅವು ರಾಜಿಯಾದವು. ವಿರೋಧ ಕಾಣುವ ಬರಹ ಹಳೆಯದು, ಸಮನ್ವಯ ಕಾಣುವುದು ಈಚಿನದು. ಈ ಅಳತೆಗೋಲಿನಂತೆ ಪೌಲನ ಪತ್ರಿಕೆಗಳಲ್ಲಿ ನಾಲ್ಕು ಮಾತ್ರ ಅವನವಾಗಿ ಉಳಿದವು. ಸಭಾಧ್ಯಕ್ಷನ ಅಧಿಕಾರವನ್ನು ಎತ್ತಿಹಿಡಿಯುವ ಇಗ್ನೇಷಿಯಸನ ಪತ್ರಗಳಂತೂ ಕೃತಕವೆಂದೇ ತೀರ್ಮಾನವಾಯಿತು. ಬೌರ್‌ರ ಚಿಂತನೆಯ ಭವ್ಯತೆಯನ್ನು ಅಲ್ಲಗಳೆಯಲಾಗದು. ಆದರೆ ಅಲ್ಲಿ ಸಿದ್ಧಾಂತವು ಮೊದಲು ಬಂದು ಸಾಕ್ಷ್ಯವು ಅದನ್ನು ಹಿಂಬಾಲಿಸುತ್ತದೆ. ಲೈಟ್‌ಫುಟ್ಟರು ಇದಕ್ಕೆ ಪ್ರತಿಯಾಗಿ ಇನ್ನೊಂದು ಸಿದ್ಧಾಂತವನ್ನು ಕಟ್ಟಲಿಲ್ಲ. ಹಸ್ತಪ್ರತಿ, ಭಾಷಾಂತರ, ಶಾಸನ, ದಾರಿ, ಊರುಗಳ ಕಡೆಗೆ ಹೊರಳಿದರು.

ಇಗ್ನೇಷಿಯಸನು ಸಿರಿಯಾದ ಅಂತಿಯೋಕ್ಯದ ಬಿಷಪ್. ಟ್ರಾಜನ್ ಚಕ್ರವರ್ತಿಯ ಕಾಲದಲ್ಲಿ ಸೆರೆಯಾಗಿ, ಹತ್ತು ಮಂದಿ ಸೈನಿಕರ ಕಾವಲಿನಲ್ಲಿ, ಮೃಗಗಳಿಗೆ ಆಹಾರವಾಗಲೆಂದು ರೋಮಿಗೆ ಒಯ್ಯಲ್ಪಟ್ಟವನು. ದಾರಿಯಲ್ಲಿ ಅವನು ಬರೆದ ಪತ್ರಗಳು ಮೂರು ಪಾಠಪರಂಪರೆಗಳಲ್ಲಿ ಉಳಿದುಬಂದಿವೆ. ಹದಿಮೂರು ಪತ್ರಗಳ ದೀರ್ಘಪಾಠ ಒಂದು. ಏಳು ಪತ್ರಗಳ ಮಧ್ಯಮಪಾಠ ಇನ್ನೊಂದು. ಇದರ ಲ್ಯಾಟಿನ್ ಅನುವಾದವನ್ನು 1644ರಲ್ಲಿ ಜೇಮ್ಸ್ ಅಷರ್ ಅವರೂ, ಗ್ರೀಕ್ ಮೂಲದ ಆರು ಪತ್ರಗಳನ್ನು 1646ರಲ್ಲಿ ಐಸಾಕ್ ವಾಸ್ ಅವರೂ ಬೆಳಕಿಗೆ ತಂದರು. ಮೂರನೆಯದು ಮೂರೇ ಪತ್ರಗಳ ಹ್ರಸ್ವಪಾಠ. ಈಜಿಪ್ಟಿನ ಮಠವೊಂದರಿಂದ ಬಂದ ಸಿರಿಯಾಕ್ ಹಸ್ತಪ್ರತಿಗಳಿಂದ ಇದನ್ನು 1845ರಲ್ಲಿ ವಿಲಿಯಂ ಕ್ಯೂರ್ಟನ್ ಅವರು ಪ್ರಕಟಿಸಿ, ಇದೇ ಮೂಲವೆಂದು ಸಾರಿದರು. ಚಿಕ್ಕದು ಹಳೆಯದು, ಬೆಳೆದದ್ದು ಈಚಿನದು ಎಂಬ ಊಹೆ ಸಂಪಾದಕರನ್ನು ಸುಲಭವಾಗಿ ಸೆಳೆಯುವಂಥದು. ನಮ್ಮ ಗ್ರಂಥಸಂಪಾದನೆಯಲ್ಲಿಯೂ ಈ ಆಕರ್ಷಣೆ ಇಲ್ಲದಿಲ್ಲ.

ಲೈಟ್‌ಫುಟ್ಟರು ಮೊದಲಿಗೆ ಕ್ಯೂರ್ಟನ್ನರ ಪಕ್ಷವನ್ನೇ ಒಪ್ಪಿದ್ದರು. ವರ್ಷಗಳ ಪರಿಶೀಲನೆಯ ಬಳಿಕ ಅದನ್ನು ಕೈಬಿಟ್ಟರು. ಆರ್ಮೇನಿಯನ್ ಭಾಷೆಯ ಅನುವಾದವು ಸಿರಿಯಾಕ್ ಭಾಷೆಯಿಂದ ಆದುದು, ಮತ್ತು ಅದರಲ್ಲಿ ಏಳೂ ಪತ್ರಗಳು ಪೂರ್ಣವಾಗಿವೆ. ಎಂದಮೇಲೆ ಸಿರಿಯಾಕ್‌ನಲ್ಲಿ ಪೂರ್ಣಪಾಠವೊಂದು ಇದ್ದಿರಲೇಬೇಕು, ಹ್ರಸ್ವಪಾಠವು ಅದರ ಸಂಗ್ರಹವಾಗಿರಬೇಕು. ಹ್ರಸ್ವಪಾಠದಲ್ಲಿಲ್ಲದ ಭಾಗಗಳಲ್ಲಿಯೂ ಅದೇ ಶಬ್ದಪ್ರಯೋಗ, ಅದೇ ಅವಸರದ ವಾಕ್ಯರಚನೆ ಕಾಣುತ್ತದೆ. 1873ರಲ್ಲಿ ಜರ್ಮನಿಯ ಥಿಯೋಡೋರ್ ಜಾನ್ ಅವರೂ ಮಧ್ಯಮಪಾಠವನ್ನೇ ಸಮರ್ಥಿಸಿದ್ದರು.

ಇದಕ್ಕಿಂತ ರೋಚಕವಾದುದು ದಾರಿಯ ಸಾಕ್ಷ್ಯ. ಏಷ್ಯಾ ಮೈನರಿನಲ್ಲಿ ಪೂರ್ವದಿಂದ ಬರುವ ಹೆದ್ದಾರಿ ಲೈಕಸ್ ಕಣಿವೆಯ ಬಳಿ ಕವಲೊಡೆಯುತ್ತದೆ. ಉತ್ತರದ ಕವಲು ಫಿಲದೆಲ್ಫಿಯದ ಮೂಲಕ ಸ್ಮುರ್ನಕ್ಕೆ ಹೋಗುತ್ತದೆ. ದಕ್ಷಿಣದ್ದು ಟ್ರಾಲೆಸ್, ಮಗ್ನೇಸಿಯಗಳನ್ನು ಹಾದು ಎಫೆಸಕ್ಕೆ ಹೋಗುತ್ತದೆ. ಕೈದಿಯನ್ನು ಒಯ್ದದ್ದು ಉತ್ತರದ ದಾರಿಯಲ್ಲಿ. ಆದುದರಿಂದ ದಕ್ಷಿಣದ ಮೂರು ಊರುಗಳ ಸಭೆಗಳು ತಮ್ಮ ಪ್ರತಿನಿಧಿಗಳನ್ನು ಸ್ಮುರ್ನಕ್ಕೆ ಕಳುಹಿಸಿದವು. ಅವರ ಕೈಯಲ್ಲಿ ಅವನು ಆ ಮೂರು ಸಭೆಗಳಿಗೆ ಪತ್ರ ಬರೆದುಕೊಟ್ಟನು. ಕಣ್ಣಾರೆ ಕಂಡ ಫಿಲದೆಲ್ಫಿಯ, ಸ್ಮುರ್ನಗಳಿಗೆ ಬರೆದದ್ದು ಆಮೇಲೆ, ತ್ರೋವದಿಂದ. ಇದನ್ನೆಲ್ಲ ಪತ್ರಗಳು ಎಲ್ಲಿಯೂ ವಿವರಿಸುವುದಿಲ್ಲ. ಅಲ್ಲಲ್ಲಿ ಬಿದ್ದ ಹೆಸರು, ವಂದನೆ, ಕೃತಜ್ಞತೆಗಳನ್ನು ನಕ್ಷೆಯ ಮೇಲಿಟ್ಟಾಗ ಮಾತ್ರ ಇದು ಗೋಚರಿಸುತ್ತದೆ. ಸಭಾಧ್ಯಕ್ಷನ ಅಧಿಕಾರವನ್ನು ಸ್ಥಾಪಿಸಲೆಂದು ನಂತರದ ಕಾಲದಲ್ಲಿ ಪತ್ರ ಸೃಷ್ಟಿಸುವವನು ಇಂತಹ ಉದ್ದೇಶವಿಲ್ಲದ ಹೊಂದಾಣಿಕೆಯನ್ನು ಕಲ್ಪಿಸುವ ಸಂಭವ ಕಡಿಮೆ.

ಶಾಸನಗಳ ಬಳಕೆಯೂ ಗಮನಾರ್ಹ. ಎಫೆಸದವರಿಗೆ ಬರೆದ ಪತ್ರದಲ್ಲಿ ವಿಶ್ವಾಸಿಗಳನ್ನು ದೇವರನ್ನೂ ಗುಡಿಯನ್ನೂ ಹೊತ್ತು ಮೆರವಣಿಗೆ ಹೋಗುವವರಿಗೆ ಹೋಲಿಸಲಾಗಿದೆ. ಎಫೆಸದ ಉತ್ಖನನದಲ್ಲಿ ಜೆ.ಟಿ. ವುಡ್ ಅವರಿಗೆ ದೊರೆತ, ಕ್ರಿ.ಶ. 104ರ ಸಲುತಾರಿಸನ ದತ್ತಿಶಾಸನವು ಅರ್ತೆಮಿ ದೇವಾಲಯದಿಂದ ಪ್ರತಿಮೆಗಳನ್ನು ನಗರದ ರಂಗಮಂದಿರಕ್ಕೆ ಹೊತ್ತೊಯ್ಯುವ ಉತ್ಸವವನ್ನು ಬಣ್ಣಿಸುತ್ತದೆ. ಲೈಟ್‌ಫುಟ್ಟರು ಈ ಎರಡನ್ನೂ ಒಟ್ಟಿಗೆ ಓದಿದರು. ಪತ್ರದ ದೈವಶಾಸ್ತ್ರದ ರೂಪಕವು ಓದುಗರ ಬೀದಿಯಿಂದಲೇ ಎತ್ತಿಕೊಂಡದ್ದು ಎಂಬುದು ಇದರಿಂದ ತಿಳಿಯುತ್ತದೆ.

ಲೈಟ್‌ಫುಟ್ಟರ ವಾಗ್ವಾದದ ಒಂದು ಎಳೆ ನಮ್ಮ ಕಡೆಗೂ ಬರುತ್ತದೆ. 1874ರಲ್ಲಿ ಲಂಡನ್ನಿನಲ್ಲಿ ಅನಾಮಧೇಯವಾಗಿ ಪ್ರಕಟವಾದ ಗ್ರಂಥವೊಂದು ಪ್ರಾಚೀನ ಕ್ರೈಸ್ತ ಸಾಕ್ಷ್ಯಗಳನ್ನೆಲ್ಲ ಪ್ರಶ್ನಿಸಿ ಕೋಲಾಹಲವೆಬ್ಬಿಸಿತು. ಅದರ ಲೇಖಕ ವಾಲ್ಟರ್ ರಿಚರ್ಡ್ ಕ್ಯಾಸೆಲ್ಸ್ ಮುಂಬಯಿಯಲ್ಲಿ ವರ್ತಕರಾಗಿದ್ದವರು. 1863ರಿಂದ 1865ರವರೆಗೆ ಅಲ್ಲಿನ ಶಾಸನಸಭೆಯ ಸದಸ್ಯರಾಗಿದ್ದರು. ಆಗ ಧಾರವಾಡವನ್ನೂ ಒಳಗೊಂಡಿದ್ದ ಮುಂಬಯಿ ಪ್ರಾಂತದ ಹತ್ತಿ ಬೆಳೆಯ ಬಗ್ಗೆ 1862ರಲ್ಲಿ ಗ್ರಂಥ ರಚಿಸಿದವರೂ ಇವರೇ. ಲೈಟ್‌ಫುಟ್ಟರು 1874ರಿಂದ 1877ರವರೆಗೆ ಲೇಖನಮಾಲೆಯ ಮೂಲಕ ಉತ್ತರಿಸಿದರು. ಸಾಕ್ಷ್ಯಗಳ ವಿಷಯದಲ್ಲಿ ಅವರ ಕೈ ಮೇಲಾದದ್ದು ನಿಜ. ಆದರೂ ಎದುರಾಳಿಯ ಗ್ರೀಕ್ ವ್ಯಾಕರಣದ ತಪ್ಪುಗಳನ್ನು ಹೆಕ್ಕಿ ತೋರಿಸುವಲ್ಲಿ ಅವರು ಪಡುವ ಉತ್ಸಾಹ ಈ ಲೇಖಕನಿಗೆ ಅತಿಯೆನಿಸಿದೆ. ಪವಾಡಗಳ ಕುರಿತ ಮೂಲಪ್ರಶ್ನೆ ಅಲ್ಲಿ ಬಹುಮಟ್ಟಿಗೆ ಉತ್ತರವಿಲ್ಲದೆ ಉಳಿಯುತ್ತದೆ.

ಆದರೆ ಅವರ ನಿಷ್ಠುರತೆ ಸ್ವಪಕ್ಷಕ್ಕೂ ಅನ್ವಯಿಸುತ್ತಿತ್ತು. ಬಿಷಪ್ ಪದವಿಯು ಅಪೊಸ್ತಲರಿಂದ ನೇರವಾಗಿ ಇಳಿದು ಬಂದುದೆಂಬುದು ಅವರ ಆಂಗ್ಲಿಕನ್ ಸಭೆಯಲ್ಲಿ ಅನೇಕರ ನಂಬಿಕೆ. ಫಿಲಿಪ್ಪಿಯ ವ್ಯಾಖ್ಯಾನಕ್ಕೆ ಸೇರಿಸಿದ ಪ್ರಬಂಧದಲ್ಲಿ ಅವರು ತೋರಿಸಿದ್ದು ಬೇರೆ: ಹೊಸ ಒಡಂಬಡಿಕೆಯಲ್ಲಿ ಸಭಾಧ್ಯಕ್ಷ ಮತ್ತು ಹಿರಿಯ ಎಂಬುವು ಒಂದೇ ಹುದ್ದೆಯ ಎರಡು ಹೆಸರುಗಳು, ಹಿರಿಯರ ಮಂಡಲಿಯಲ್ಲಿ ಒಬ್ಬನು ಕ್ರಮೇಣ ಮೇಲೇರಿ ಬಿಷಪ್ ಆದನು. ಅವರ ಸಭೆಯಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಹೀಗೆ ಬರೆದವರು 1879ರಲ್ಲಿ ತಾವೇ ಡರ್ಹಮ್‌ನ ಬಿಷಪ್ ಆದರು. ಗಣಿ ಕಾರ್ಮಿಕರ ಆ ಪ್ರಾಂತದಲ್ಲಿ ಆಡಳಿತದ ಹೊರೆ ಕಡಿಮೆಯದಲ್ಲ. ಅದರ ನಡುವೆಯೇ, 1885ರಲ್ಲಿ, ಇಗ್ನೇಷಿಯಸ್ ಮತ್ತು ಪಾಲಿಕಾರ್ಪರ ಬೃಹತ್ ಸಂಪುಟಗಳು ಹೊರಬಂದವು. ಅವಿವಾಹಿತರಾಗಿದ್ದ ಅವರು ತಮ್ಮ ಆಕ್ಲಂಡ್ ಕೋಟೆಮನೆಯಲ್ಲಿ ಯುವ ಪಾದ್ರಿಗಳನ್ನು ಇಟ್ಟುಕೊಂಡು ತರಬೇತಿ ನೀಡುತ್ತಿದ್ದರು.

ಲೈಟ್‌ಫುಟ್ಟರ ನಿರ್ಣಯಗಳೆಲ್ಲ ಉಳಿದಿಲ್ಲ. ಪೌಲನ ಹದಿಮೂರು ಪತ್ರಿಕೆಗಳನ್ನೂ ಅವರು ಅವನವೆಂದೇ ಒಪ್ಪಿದ್ದರು. ತಿಮೊಥೆ, ತೀತರಿಗೆ ಬರೆದವುಗಳ ವಿಷಯದಲ್ಲಿ ಇಂದಿನ ಬಹುಪಾಲು ವಿದ್ವಾಂಸರು ಒಪ್ಪುವುದಿಲ್ಲ. 1979ರ ನಂತರ ಇಗ್ನೇಷಿಯಸನ ಪತ್ರಗಳ ಪ್ರಾಮಾಣ್ಯವೂ ಮತ್ತೆ ಚರ್ಚೆಗೆ ಬಂದಿದೆ. ಆದರೂ ಏಳು ಪತ್ರಗಳ ಪಾಠವೇ ಬಹುಮತದ ಪಾಠವಾಗಿ ನಿಂತಿದೆ.

ಅವರ ಒಂದು ಊಹೆಯನ್ನಂತೂ ಹೇಳಲೇಬೇಕು. ಸಾಹಿತ್ಯದ ಹಂಗಿಲ್ಲದೆ ಸಾಮಾನ್ಯರು ಪರಸ್ಪರ ಬರೆದುಕೊಂಡ ಗ್ರೀಕ್ ಕಾಗದಗಳು ಸಿಕ್ಕಿದರೆ ಹೊಸ ಒಡಂಬಡಿಕೆಯ ಭಾಷೆ ತಿಳಿಯಲು ಅದಕ್ಕಿಂತ ದೊಡ್ಡ ನೆರವಿಲ್ಲವೆಂದು ಅವರು 1863ರಲ್ಲಿ ತರಗತಿಯಲ್ಲಿ ಹೇಳಿದ್ದು ಶಿಷ್ಯರೊಬ್ಬರ ಟಿಪ್ಪಣಿಯಿಂದ ತಿಳಿದುಬಂದಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ 1896–97ರಲ್ಲಿ ಆರಂಭವಾದ ಉತ್ಖನನದಲ್ಲಿ ಅಂತಹ ಕಾಗದಗಳು ರಾಶಿರಾಶಿಯಾಗಿ ಸಿಕ್ಕವು. 1903ರಲ್ಲಿ ಪ್ರಕಟವಾದ, ಹುಲ್ಟ್ಜ್ ಅವರು ಕನ್ನಡದ ಮಾತುಗಳನ್ನು ಗುರುತಿಸಿದ ಗ್ರೀಕ್ ಪ್ರಹಸನವೂ ಅದೇ ಕಸದ ದಿಬ್ಬಗಳದು.

ಅದನ್ನು ನೋಡಲು ಅವರಿರಲಿಲ್ಲ. 1889ರ ಡಿಸೆಂಬರ್ 21ರಂದು ಬೋರ್ನ್‌ಮತ್‌ನಲ್ಲಿ ನಿಧನರಾದರು. ಕ್ಲೆಮೆಂಟನ ಪತ್ರದ ಪರಿಷ್ಕೃತ ಆವೃತ್ತಿ ಮರುವರ್ಷ ಹೊರಬಂದಿತು. ಅಪೊಸ್ತಲರ ಕೃತ್ಯಗಳು, ಯೋಹಾನನ ಸುವಾರ್ತೆ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆ, ಪೇತ್ರನ ಮೊದಲನೆಯ ಪತ್ರಿಕೆಗಳ ಮೇಲಿನ ಅವರ ಕೈಬರಹದ ಟಿಪ್ಪಣಿಗಳು ಡರ್ಹಮ್ ಕೆಥೆಡ್ರಲ್ಲಿನ ಗ್ರಂಥಾಲಯದಲ್ಲಿ ಉಳಿದಿದ್ದು, 2014ರಿಂದ 2016ರವರೆಗೆ ಮೂರು ಸಂಪುಟಗಳಾಗಿ ಅಚ್ಚಾದವು.